ಬೇಸಿಗೆ ರಜವೂ ನಮ್ಮ ಮಕ್ಕಳ ಕಾಲೇಜೂ

(ಆವತಿಯಲ್ಲಿ ಸೇರಿದ್ದ ವಿದ್ಯಾರ್ಥಿಗಳ ಹಾಗೂ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



ನನ್ನನ್ನು ಕರೆಯಲು ಬಂದವರು "ವಿದ್ಯೆಯ ಮಹತ್ವ" ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕು ಎಂದರು. ವಿದ್ಯೆಯ ಮಹತ್ವ ನಿಮಗೆ ತಿಳಿಯದ್ದೇನಲ್ಲ. ತಿಳಿಯದಿದ್ದರೆ ರಾತ್ರಿ ಪಾಳಿ ಮುಗಿಸಿ, ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತ ಇಲ್ಲಿ ಬಂದು ಕೂರುತ್ತಿರಲಿಲ್ಲ. ಆದ್ದರಿಂದ ಆ ದೊಡ್ಡ ಮಾತನ್ನು ಬಿಟ್ಟು ಸಣ್ಣ ಮಾತೊಂದನ್ನು ಎತ್ತಿಕೊಳ್ಳುತ್ತೇನೆ. ಕಾಲೇಜಿನಲ್ಲಿ ಓದುವ ನಮ್ಮ ಹುಡುಗರೂ ಹುಡುಗಿಯರೂ ಬೇಸಿಗೆ ರಜದ ಆರೇಳು ವಾರಗಳನ್ನು ಏನು ಮಾಡಬೇಕು, ಆ ವಾರಗಳಲ್ಲಿ ಕಾಲೇಜಿನಿಂದ ಏನೇನನ್ನು ಪಡೆದುಕೊಳ್ಳಬಹುದು ಎಂಬುದಷ್ಟೇ ಈ ಹೊತ್ತಿನ ವಿಷಯ.

ಈ ಊರಿಗೆ ಬಂದವರು ರಣಭೈರೇಗೌಡರ ಮಾತೆತ್ತದೆ ಹೋಗುವ ಪದ್ಧತಿಯಿಲ್ಲ. ಕಂಚಿಯ ಕಡೆಯಿಂದ ಗಾಡಿ ಹೂಡಿಕೊಂಡು ಬಂದ ಒಕ್ಕಲುಗಳು ಇಲ್ಲಿ ನೆಲೆ ನಿಂತವು. ಆ ಮನೆತನದವರೇ ಸುತ್ತಲ ಸೀಮೆಗೆ ನಾಡಪ್ರಭುಗಳಾದರು. ಮಲ್ಲಭೈರೇಗೌಡ 1501ರಲ್ಲಿ ದೇವನಹಳ್ಳಿಯ ಕೋಟೆ ಕಟ್ಟಿಸಿದ. ಬೆಂಗಳೂರಿನ ಕೆಂಪೇಗೌಡನ ಮನೆತನದ ಬೇರೂ ಇಲ್ಲಿಯದೇ ಎಂದು ಎಲ್ಲ ಭಾಷಣಕಾರರೂ ಹೇಳುತ್ತಾರೆ. ನಾನೂ ಹೇಳಿದೆನೆಂದು ಬರೆದುಕೊಳ್ಳಿ. ಆದರೆ ನನಗೆ ಇಂದು ಬೇಕಾದದ್ದು ಆ ಕೆಂಪೇಗೌಡನಲ್ಲ; 2008ರಲ್ಲಿ ಶುರುವಾಗಿ 2013ರಲ್ಲಿ ಅವನ ಹೆಸರನ್ನು ಪಡೆದ ವಿಮಾನ ನಿಲ್ದಾಣ. ಅದು ಬಂದ ಮೇಲೆ ನಮ್ಮ ಮಕ್ಕಳ ಬೇಸಿಗೆಯೇ ಬದಲಾಗಿಹೋಯಿತು. ಹಿಂದೆ ರಜ ಬಂತೆಂದರೆ ದ್ರಾಕ್ಷಿ ತೋಟ, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ವಿಜಯಪುರದ ಸಂತೆ, ಒಂದೆರಡು ಜಾತ್ರೆ, ಅಷ್ಟರಲ್ಲಿ ಮಳೆ. ಈಗ ರಜದ ಮೊದಲ ಸೋಮವಾರವೇ ಗೋದಾಮಿನವರು, ಹೆದ್ದಾರಿ ಹೋಟೆಲಿನವರು, ಸಾಮಾನು ಏರಿಸಿ ಇಳಿಸುವ ಗುತ್ತಿಗೆದಾರರು ಹುಡುಗರಿಗಾಗಿ ಕಾದಿರುತ್ತಾರೆ. ದೊಡ್ಡಬಳ್ಳಾಪುರದ ಕಡೆಯಾದರೆ ಮಗ್ಗದ ಶೆಡ್ಡು, ಬಟ್ಟೆ ಹೊಲಿಯುವ ಕಾರ್ಖಾನೆ.

ದುಡಿಯಲು ಹೋಗುವುದು ತಪ್ಪೆಂದು ನಾನು ಹೇಳುವವನಲ್ಲ. ಮನೆಯಲ್ಲಿ ಅಕ್ಕಿ ಇದೆಯೋ ಇಲ್ಲವೋ ನೋಡದೆ "ರಜದಲ್ಲಿ ಜ್ಞಾನ ಸಂಪಾದಿಸಿ" ಎಂದು ಉಪದೇಶಿಸುವವರಿಗೆ ಹಸಿವು ಗೊತ್ತಿಲ್ಲ. ದುಡಿಯಲಿ. ಆದರೆ ಎರಡು ತಿಂಗಳು ಸಂಬಳ ಎಣಿಸಿದ ಹುಡುಗ ಮೂರನೆಯ ತಿಂಗಳು "ಕಾಲೇಜಿಗೆ ಹೋಗಿ ಏನಾಗಬೇಕು?" ಎಂದು ಕೇಳಲು ಶುರುಮಾಡುತ್ತಾನೆ. ಈ ಪ್ರಶ್ನೆಯನ್ನು ನಮ್ಮ ಎಷ್ಟೋ ಮನೆಗಳಲ್ಲಿ ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ.

ನಾನು ಬಲ್ಲ ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ, ಹೆಸರು ಬೇಡ. ತಂದೆ ಮಗ್ಗದ ಕೆಲಸಗಾರ. ಹುಡುಗ ಬಿ.ಕಾಂ. ಮೊದಲ ವರ್ಷದಲ್ಲಿ ಎರಡು ಪೇಪರಿನಲ್ಲಿ ನಪಾಸಾದ. ನಪಾಸಾದರೆ ಮುಂದಿನ ವರ್ಷಕ್ಕೆ ಸೇರಿಸುವುದಿಲ್ಲವೆಂದು ಯಾರೋ ಹೇಳಿದರು. ಅವನು ನಂಬಿ ಗೋದಾಮಿಗೆ ಸೇರಿದ. ಎರಡು ಪೇಪರನ್ನು ಬಾಕಿ ಇಟ್ಟುಕೊಂಡೇ ಮುಂದಿನ ತರಗತಿಯಲ್ಲಿ ಓದುವುದಕ್ಕೆ ಅವನ ಕಾಲೇಜಿನ ನಿಯಮದಲ್ಲಿ ಅವಕಾಶವಿತ್ತು. ಅದು ಗೊತ್ತಾದಾಗ ಸೇರುವ ದಿನವೂ ಪರೀಕ್ಷೆಯ ಫೀಜಿನ ದಿನವೂ ಕಳೆದಿದ್ದವು. ಕೆಲಸಕ್ಕೆ ಹೋದದ್ದು ಅವನ ಓದನ್ನು ಕೆಡಿಸಲಿಲ್ಲ. ಕಾಲೇಜಿನಲ್ಲಿ ಒಬ್ಬರನ್ನಾದರೂ ಕೇಳದೆ ಹೋದದ್ದು ಕೆಡಿಸಿತು. ಇಂದಿಗೂ ಅವನು ಅದೇ ಗೋದಾಮಿನಲ್ಲಿದ್ದಾನೆ, ಗುತ್ತಿಗೆಯ ಮೇಲೆ.

ಅವನನ್ನು ಹಳಿಯುವ ಯೋಗ್ಯತೆ ನನಗಿಲ್ಲ. ನಾನೂ ಹಾಗೆಯೇ ಮಾಡಿದವನು. ನಾನು ಓದಿದ ಕಾಲೇಜು ಯಾವುದೆಂಬುದು ಇಲ್ಲಿ ಬೇಡ. ಮೊದಲ ವರ್ಷದ ರಜದಲ್ಲಿ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕೆ ಹೋದೆ. ತೆರೆಯುವ ದಿನ ಹೋದರೆ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ರಜದಲ್ಲೇ ನೋಟೀಸು ಹಾಕಿ, ರಜದಲ್ಲೇ ತೆಗೆದುಬಿಟ್ಟಿದ್ದರು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ "ಬೋರ್ಡು ನೋಡ್ಲಿಲ್ವೇನಯ್ಯ?" ಎಂದರು. ಹನ್ನೆರಡು ಮೈಲಿ ದೂರದ ಬೋರ್ಡನ್ನು ನಾನು ಹೇಗೆ ನೋಡಲಿ? ಆ ವರ್ಷ ನನ್ನ ತಾಯಿಯ ಓಲೆ ಗಿರವಿಗೆ ಹೋಯಿತು. "ಹೋಗ್ಲಿ ಬಿಡು ಮಗ, ಕಿವಿ ಹಗುರಾಯ್ತು" ಎಂದಳು ಆಕೆ. ಗೂಡಿನಲ್ಲಿ ನಾನು ದುಡಿದಿದ್ದ ಹಣ ಕೈತಪ್ಪಿದ ವಿದ್ಯಾರ್ಥಿವೇತನದ ಅರ್ಧವೂ ಆಗಿರಲಿಲ್ಲ.

ಮಾರನೆಯ ವರ್ಷ ರಜಕ್ಕೆ ಮುಂಚೆಯೇ ಗ್ರಂಥಾಲಯದ ಮೇಷ್ಟ್ರ ಹತ್ತಿರ ಹೋದೆ. ಹೋದದ್ದು ಪುಸ್ತಕಕ್ಕಲ್ಲ, ನೋಟೀಸು ಬಂದರೆ ಒಂದು ಕಾರ್ಡು ಗೀಚಿ ಹಾಕಿ ಎಂದು ಕೇಳಿಕೊಳ್ಳುವುದಕ್ಕೆ. ಅವರು ಒಪ್ಪಿದ್ದಲ್ಲದೆ ಮೂರು ಪುಸ್ತಕಗಳನ್ನು ರಜ ಪೂರ್ತಿ ಇಟ್ಟುಕೋ ಎಂದು ಕೊಟ್ಟರು. ಹಾಗೆ ಕೊಡಬಹುದೆಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಕೇಳಿದವನಿಗೆ ಕೊಡುತ್ತಿದ್ದರು, ಕೇಳದವನಿಗೆ ಇಲ್ಲ.

ಆದ್ದರಿಂದ ವಿದ್ಯಾರ್ಥಿ ಮಿತ್ರರೆ, ರಜಕ್ಕೆ ಊರಿಗೆ ಬರುವ ಮುನ್ನ ಕಾಲೇಜಿನಲ್ಲಿ ಪೂರ್ತಿ ಒಂದು ದಿನ ಕಳೆಯಿರಿ. ಕಚೇರಿಯಲ್ಲಿ ಮುಂದಿನ ಸೆಮಿಸ್ಟರಿನ ಪ್ರವೇಶ ಯಾವಾಗ, ಫೀಜು ಎಷ್ಟು, ಕಂತಿನಲ್ಲಿ ಕಟ್ಟಬಹುದೆ ಎಂದು ಕೇಳಿ ಬರೆದುಕೊಳ್ಳಿ. ಕಷ್ಟವಾದ ವಿಷಯದ ಅಧ್ಯಾಪಕರನ್ನು ಕಂಡು ರಜದಲ್ಲಿ ಓದಬೇಕಾದ ಪಾಠಗಳ ಮೇಲೆ ಗುರುತು ಹಾಕಿಸಿಕೊಳ್ಳಿ. ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೇಳಿ. ಎಷ್ಟೋ ಕಾಲೇಜುಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆಂದೇ ಬೇರೆ ಪುಸ್ತಕ ಭಂಡಾರವಿರುತ್ತದೆ. ಬೀರುವಿನ ಬೀಗ ತೆಗೆಸುವುದು ನಿಮ್ಮ ಕೆಲಸ. ರಜದ ನಡುವೆ ಇನ್ನೊಂದು ದಿನ ಹೋಗಿ ಬನ್ನಿ. ಒಂದು ದಿನದ ಕೂಲಿ ಹೋಗುತ್ತದೆ, ಬಲ್ಲೆ. ನನ್ನ ತಾಯಿಯ ಓಲೆಯ ಲೆಕ್ಕ ಹಾಕಿ ನೋಡಿ.

ಈಗಿನ ಕಾಲದಲ್ಲಿ ರಜವೆಂಬುದೂ ಪಂಚಾಂಗದಂತೆ ಬರುವುದಿಲ್ಲ. ಸೆಮಿಸ್ಟರು ಪರೀಕ್ಷೆ ಹಿಂದೆ ಮುಂದೆ ಆಗುತ್ತದೆ, ಫೀಜಿನ ದಿನ ಫೋನಿನಲ್ಲಿ ಬಂದು ಫೋನಿನಲ್ಲೇ ಹೋಗುತ್ತದೆ. ಹಳೆಯ ಬೋರ್ಡು ಈಗ ವಾಟ್ಸಾಪಿನ ಗುಂಪಾಗಿದೆ. ಗುತ್ತಿಗೆದಾರನ ಗುಂಪನ್ನು ದಿನಕ್ಕೆ ನಲವತ್ತು ಸಲ ನೋಡುವ ಹುಡುಗ ತರಗತಿಯ ಗುಂಪನ್ನು ಸದ್ದಡಗಿಸಿ ಇಟ್ಟಿರುತ್ತಾನೆ. ಅದನ್ನು ತೆರೆದಿಡಿ.

ಇನ್ನು ಹಣದ ಮಾತು. ಇಲ್ಲಿ ಕಾರ್ಮಿಕ ಬಂಧುಗಳೂ ವ್ಯಾಪಾರಿಗಳೂ ಸ್ವಲ್ಪ ಕಿವಿಗೊಡಬೇಕು.

ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಡಿಸೆಂಬರ್ ತಿಂಗಳ ಸಂಬಳದ ಚೀಟಿಯನ್ನು ತೆಗೆದು ನೋಡಿ. ಅದರಲ್ಲಿ ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತ ಕಡಿತವಾಗಿರುತ್ತದೆ. ಅದು ಕಾರ್ಮಿಕ ಕಲ್ಯಾಣ ನಿಧಿ. 1965ರ ಕಾಯಿದೆಯಿಂದ ಬಂದದ್ದು. ಕಾರ್ಮಿಕ ಒಂದು ಪಾಲು ಹಾಕಿದರೆ ಮಾಲೀಕ ಎರಡು ಪಾಲು, ಸರ್ಕಾರ ಒಂದು ಪಾಲು ಹಾಕಬೇಕು. ಆ ನಿಧಿಯನ್ನು ನೋಡಿಕೊಳ್ಳುವ ಕಾರ್ಮಿಕ ಕಲ್ಯಾಣ ಮಂಡಳಿಯು ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿ ಸಹಾಯಧನ ಕೊಡುತ್ತದೆ. ಎಷ್ಟು ಜನ ಅಪ್ಪಂದಿರು ಇದನ್ನು ಮಕ್ಕಳಿಗೆ ಹೇಳಿದ್ದೀರಿ? ಕೈ ಎತ್ತಿ. (ಸಭೆಯಲ್ಲಿ ಮೂರು ಕೈ.) ನೋಡಿದಿರಾ! ವರ್ಷವರ್ಷವೂ ಕಟ್ಟುವವರು ನೀವು. ಪಡೆಯುವ ಹೊತ್ತಿಗೆ ಮಾತ್ರ ಅದು ಯಾರೋ ದೊಡ್ಡವರು ಕೊಡುವ ದಾನವೆಂಬಂತೆ ಸಂಕೋಚಪಟ್ಟು ಮನೆಯಲ್ಲಿ ಕೂರುತ್ತೀರಿ. ಸಣ್ಣ ಶೆಡ್ಡುಗಳಲ್ಲಿ ದುಡಿಯುವವರಿಗೆ ಆ ಕಡಿತವೂ ಇಲ್ಲ, ಆ ಸಹಾಯವೂ ಇಲ್ಲ. ಅದೊಂದು ಅನ್ಯಾಯ, ಅದರ ಹೋರಾಟ ಬೇರೆ. ಕಟ್ಟಡದ ಕೆಲಸದವರಿಗೆ ಬೇರೆ ಮಂಡಳಿಯಿದೆ. ಕಟ್ಟಡದ ವೆಚ್ಚದ ಮೇಲೆ ಎತ್ತುವ ಸುಂಕದಿಂದ ನಡೆಯುವ ಆ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರ ಮಕ್ಕಳ ಓದಿಗೂ ನೆರವಿದೆ. ದೇವನಹಳ್ಳಿಯ ಸುತ್ತ ಇಷ್ಟೊಂದು ಕಟ್ಟಡ ಏಳುತ್ತಿದೆ, ಗಾರೆಯವನ ಮಗಳು ಮಾತ್ರ ಫೀಜಿಗೆ ಸಾಲ ಕೇಳುತ್ತಿದ್ದಾಳೆ.

ವ್ಯಾಪಾರಿ ಮಿತ್ರರು "ನಮಗೇನು?" ಎನ್ನಬಹುದು. ನೀವು ಕಟ್ಟುವ ಕಂದಾಯದಲ್ಲಿ ಗ್ರಂಥಾಲಯದ ಕರವೆಂದು ರೂಪಾಯಿಗೆ ಆರು ಪೈಸೆ ಸೇರಿರುತ್ತದೆ. ಗ್ರಂಥಾಲಯಗಳ ಕಾಯಿದೆಯೂ ಅದೇ 1965ರದು. ಅರಿವು ಕೇಂದ್ರವೆಂದು ಈಗ ಹೆಸರು ಬರೆಸಿಕೊಂಡಿರುವ ಪಂಚಾಯಿತಿಯ ಗ್ರಂಥಾಲಯಕ್ಕೆ ನಿಮ್ಮ ಮಗ ಹೋಗಿ ಕುಳಿತರೆ ಅವನು ಯಾರ ಹಂಗಿನಲ್ಲೂ ಕೂತಿಲ್ಲ. ಬೇಕಾದ ಪುಸ್ತಕ ಅಲ್ಲಿಲ್ಲದಿದ್ದರೆ ಬೇಡಿಕೆ ಬರೆದು ಕೊಡಲಿ. ಐದು ಜನ ಒಟ್ಟಿಗೆ ಬರೆದರೆ ಪಂಚಾಯಿತಿಯವರಿಗೂ ಓದುವುದು ಕಷ್ಟವಾಗುವುದಿಲ್ಲ.

ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲು ಸಿಗದಿದ್ದರೆ ಊಟ ವಸತಿಗೆಂದು ವಿದ್ಯಾಸಿರಿ ಎಂಬ ಯೋಜನೆ 2013-14ರಲ್ಲಿ ಬಂತು. ಆಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ರೈತರ ಮಕ್ಕಳಿಗೆಂದು 2021ರಲ್ಲಿ ರೈತ ವಿದ್ಯಾನಿಧಿ ಬಂತು. ಮೊತ್ತ, ನಿಯಮ, ಅರ್ಜಿ ಕರೆಯುವ ದಿನ, ಇವು ವರ್ಷವರ್ಷಕ್ಕೂ ಬದಲಾಗುತ್ತವೆ. ಅದನ್ನು ಕಾಲೇಜಿನ ವಿದ್ಯಾರ್ಥಿವೇತನದ ಮೇಜಿನಲ್ಲೇ ಕೇಳಬೇಕು, ಹೋಟೆಲಿನ ಮುಂದೆ ನಿಂತು ಮಾತಾಡುವವರನ್ನಲ್ಲ.

ಅರ್ಜಿ ಕರೆಯುವುದು ಹೆಚ್ಚಾಗಿ ಕಾಲೇಜು ತೆರೆದ ಮೇಲೆ. ಆದರೆ ಕೆಡುವುದು ಅರ್ಜಿಯಲ್ಲಿ ಅಲ್ಲ, ಅದರ ಹಿಂದಿನ ಕಾಗದದಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್ಲು ಹೆಸರಿನ ಮುಂದೆ, ಆಧಾರಿನಲ್ಲಿ ಹಿಂದೆ. ಅಪ್ಪನ ಹೆಸರು ಒಂದು ಕಡೆ ಗೌಡ, ಇನ್ನೊಂದು ಕಡೆ ಅಪ್ಪ. ಬ್ಯಾಂಕಿನ ಖಾತೆ ಆಧಾರಿಗೆ ಜೋಡಣೆಯಾಗಿಲ್ಲ. ಆದಾಯದ ಪ್ರಮಾಣಪತ್ರದ ಅವಧಿ ಮುಗಿದಿದೆ. ಇವಿಷ್ಟನ್ನೂ ಸರಿಮಾಡಿಸಲು ನಾಡಕಚೇರಿಗೂ ಬ್ಯಾಂಕಿಗೂ ನಾಲ್ಕು ಸಲ ಅಲೆಯಬೇಕು. ಅಲೆಯುವುದಕ್ಕೆ ರಜವೇ ಸರಿಯಾದ ಕಾಲ. ತರಗತಿ ಶುರುವಾದ ಮೇಲೆ ಅಲೆದರೆ ಹಾಜರಿ ಹೋಗುತ್ತದೆ, ಅಲೆಯದಿದ್ದರೆ ಹಣ ಹೋಗುತ್ತದೆ.

ಗೌರಿಬಿದನೂರು ನಮಗೆ ದೂರವಲ್ಲ. ಆ ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಒಬ್ಬ ಹುಡುಗ 1935ರಲ್ಲಿ, ಬಸ್ಸಿಗೆ ಕಾಸಿಲ್ಲದೆ, ಬೆಂಗಳೂರಿಗೆ ನಡೆದೇ ಹೊರಟ. ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು, ಅವರ ಆಸರೆಯನ್ನು ನೆಚ್ಚಿ ಹೋದ. ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಂಡು ಓದಿದ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದ. ಹೊರಗೆ ಬಂದು, ಬಿಟ್ಟ ಓದನ್ನು ಮತ್ತೆ ಹಿಡಿದು ಮುಗಿಸಿದ. ಆ ಹುಡುಗನೇ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರೂ 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಎಚ್. ನರಸಿಂಹಯ್ಯನವರು. ಅವರ ಕಥೆ ಹೇಳುವವರು ಕಾಲ್ನಡಿಗೆಯನ್ನು ಹೊಗಳುತ್ತಾರೆ. ನನ್ನ ಕಣ್ಣು ಬೀಳುವುದು ಇನ್ನೆರಡರ ಮೇಲೆ: ಒಬ್ಬ ಮೇಷ್ಟ್ರನ್ನು ಆಸರೆಯಾಗಿ ಹಿಡಿದದ್ದು, ಹಂಗೆಂದು ನಾಚದೆ ಬಡವರ ನಿಲಯದಲ್ಲಿ ಉಂಡದ್ದು. ಕಾಲಿನ ಬಲವೊಂದೇ ಇದ್ದಿದ್ದರೆ ಅವರೂ ಬೆಂಗಳೂರಿನ ಯಾವುದೋ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದರೇನೋ.

ಓದಿನ ಲೆಕ್ಕಕ್ಕೆ ಬರೋಣ. ರಾತ್ರಿ ಪಾಳಿ ಮಾಡುವ ಹುಡುಗನಿಗೆ ದಿನಕ್ಕೆ ಆರು ಗಂಟೆ ಓದು ಎಂದರೆ ಅವನು ನನ್ನನ್ನು ನೋಡಿ ನಗುತ್ತಾನೆ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನ, ಹೀಗೆ ಆರು ವಾರ. ಒಟ್ಟು 54 ಗಂಟೆ. ಬಾಕಿ ಉಳಿದ ಒಂದು ಪೇಪರಿಗೆ ಇಷ್ಟು ಸಾಲದೆ? ಒಂದೇ ಪೇಪರನ್ನು ಹಿಡಿಯಿರಿ. ಎರಡು ಮೂರನ್ನು ಹರವಿಕೊಂಡು ಕೂತವನು ಯಾವುದನ್ನೂ ಮುಗಿಸಿದ್ದನ್ನು ನಾನು ಕಂಡಿಲ್ಲ. ಹಳೆಯ ಪ್ರಶ್ನೆಗಳಿಗೆ ಕೈಯಲ್ಲಿ ಉತ್ತರ ಬರೆದು, ರಜದ ನಡುವೆ ಕಾಲೇಜಿಗೆ ಹೋದ ದಿನ ಅಧ್ಯಾಪಕರಿಗೆ ತೋರಿಸಿ. ಬರೆದು ತಂದ ಹುಡುಗನನ್ನು ಹಿಂದಕ್ಕೆ ಕಳಿಸುವ ಮೇಷ್ಟ್ರು ಅಪರೂಪ.

ಮನೆಯಲ್ಲೂ ಪಾಠವುಂಟು. ಅಂಗಡಿಯವರ ಮಗ ಬಿ.ಕಾಂ. ಓದುತ್ತಿದ್ದರೆ ಗಲ್ಲಾಪೆಟ್ಟಿಗೆ ಕಾಯಲು ಮಾತ್ರ ಕೂರಿಸಬೇಡಿ. ಲೆಕ್ಕದ ಪುಸ್ತಕ ಅವನ ಕೈಗೆ ಕೊಡಿ. 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಲೆಕ್ಕಿಗನ ಮನೆಗೆ ಅಲೆಯುತ್ತಿದ್ದೀರಿ. ಒಂದು ತಿಂಗಳ ಲೆಕ್ಕವನ್ನು ಮಗನೇ ಬರೆದು ಲೆಕ್ಕಿಗನಿಗೆ ತೋರಿಸಲಿ. ಕಾರ್ಖಾನೆಯವರ ಮಗಳು ಅರ್ಥಶಾಸ್ತ್ರ ಓದುತ್ತಿದ್ದರೆ ಅಪ್ಪನ ಸಂಬಳದ ಚೀಟಿಯನ್ನು ಮುಂದಿಟ್ಟುಕೊಳ್ಳಲಿ. ಭವಿಷ್ಯನಿಧಿಗೆ ನೂರಕ್ಕೆ 12 ಯಾವುದರ ಮೇಲೆ ಹಿಡಿದರು, ಇಎಸ್‌ಐಗೆ ಮುಕ್ಕಾಲು ರೂಪಾಯಿ ಹಿಡಿದರೆ ಮಾಲೀಕ ಮೂರೂಕಾಲು ಹಾಕಿದನೇ ಎಂದು ಲೆಕ್ಕ ಮಾಡಲಿ. ಪಾಠವೂ ಆಯಿತು, ಅಪ್ಪನಿಗೆ ಮೋಸವಾಗಿದ್ದರೆ ಅದೂ ಹೊರಬಿತ್ತು.

ಪಿ.ಯು. ಕಾಲೇಜಿನ ಮಕ್ಕಳಿಗೆ ಒಂದು ಮಾತು. 2024ರಲ್ಲಿ ದ್ವಿತೀಯ ಪಿ.ಯು.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೊದಲನೆಯದರಲ್ಲಿ ಹೋದರೆ ವರ್ಷವೇ ಹೋಯಿತೆಂದು ಹುಡುಗನನ್ನು ಕೆಲಸಕ್ಕೆ ಅಟ್ಟಬೇಡಿ. ಫಲಿತಾಂಶದ ದಿನ ಮನೆಯವರು ಬಾಯಿ ಬಿಗಿಹಿಡಿಯಬೇಕು. ಆ ಒಂದು ರಾತ್ರಿ ಆಡಿದ ಮಾತಿನಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳುಂಟು. ಮಗುವಿನ ಮನಸ್ಸು ತೀರ ಕುಗ್ಗಿದೆ ಎನಿಸಿದರೆ 14416ಕ್ಕೆ ಫೋನು ಮಾಡಿ; 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು. ಹಗಲೂ ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಬೇಡ.

ತಾಯಂದಿರೆ, ನಿಮ್ಮ ಹತ್ತಿರ ಒಂದು ಮಾತು ಉಳಿದಿದೆ. ಹುಡುಗರನ್ನು ಗೋದಾಮು ಎಳೆದುಕೊಂಡರೆ ಹುಡುಗಿಯರನ್ನು ಎಳೆದುಕೊಳ್ಳುವುದು ಲಗ್ನದ ತಿಂಗಳು. ರಜದಲ್ಲಿ ಗಂಡಿನವರು ನೋಡಲು ಬರುತ್ತಾರೆ, ತೆರೆಯುವ ಹೊತ್ತಿಗೆ ಹುಡುಗಿ ಇನ್ನೊಂದು ಊರಿನಲ್ಲಿ ರೊಟ್ಟಿ ತಟ್ಟುತ್ತಿರುತ್ತಾಳೆ. "ಮದುವೆಯಾದ ಮೇಲೂ ಓದಿಸ್ತೀವಿ" ಎಂದು ಬೀಗರು ಹೇಳಿದ ಮಾತನ್ನು ನಂಬಿ ಕೆಟ್ಟವರು ಈ ಸಭೆಯಲ್ಲೇ ಇದ್ದಾರೆ, ಅವರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಪದವಿಗೆ ಒಂದು ವರ್ಷವೋ ಎರಡು ವರ್ಷವೋ ಉಳಿದಿದ್ದರೆ ಗಂಡಿನವರಿಗೆ ಕಾಯಲು ಹೇಳಿ. ಕಾಯಲಾರೆವು ಎಂದವರು ಓದಿಸುವವರೂ ಅಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದ ಓಡಾಟ ಬಂದಿದೆ. ರಜದಲ್ಲಿ ವಾರಕ್ಕೊಮ್ಮೆ ಮಗಳು ದೇವನಹಳ್ಳಿಗೋ ದೊಡ್ಡಬಳ್ಳಾಪುರಕ್ಕೋ ಹೋಗಿ ಗ್ರಂಥಾಲಯದಲ್ಲಿ ಕೂತು ಬಂದರೆ ಮನೆಗೆ ಒಂದು ಪೈಸೆ ಖರ್ಚಿಲ್ಲ. ಹಿಟ್ಟು ಬೀಸಿಸುವುದನ್ನು ಅಂದು ತಮ್ಮ ಮಾಡಲಿ.

ಅಪ್ಪಂದಿರು ಕಾಲೇಜಿನ ಬಾಗಿಲಿಗೆ ಹೋಗಲು ಹಿಂಜರಿಯುತ್ತಾರೆ. ಎಣ್ಣೆಯ ಕೈ, ಮಾಸಿದ ಅಂಗಿ, ಇಂಗ್ಲಿಷ್ ಮಾತು ಬಂದರೇನು ಗತಿ ಎಂಬ ಅಳುಕು. ಸರ್ಕಾರಿ ಕಾಲೇಜಿನ ಗೋಡೆಯ ಸುಣ್ಣವೂ ನಮ್ಮ ತೆರಿಗೆಯದೇ. ವರ್ಷಕ್ಕೊಂದು ಸಲ ಹೋಗಿ "ಇವನ ಹಾಜರಿ ಎಷ್ಟು, ಬಾಕಿ ಯಾವ ಪೇಪರು, ಯಾವ ವಿದ್ಯಾರ್ಥಿವೇತನಕ್ಕೆ ಇವನು ಬರುತ್ತಾನೆ?" ಎಂದು ಕನ್ನಡದಲ್ಲೇ ಕೇಳಿ. ಮೂರು ಪ್ರಶ್ನೆ ಸಾಕು.

ಮಾತು ಇಲ್ಲಿಗೆ ಸಾಕುಮಾಡುತ್ತೇನೆ. ಹೊರಗೆ ಜಗಲಿಯ ಮೇಲೆ ಪದವಿ ಮುಗಿಸಿದ ಇಬ್ಬರು ಮೇಜು ಹಾಕಿಕೊಂಡು ಕುಳಿತಿದ್ದಾರೆ. ಆಧಾರು, ಅಂಕಪಟ್ಟಿ, ಬ್ಯಾಂಕಿನ ಪುಸ್ತಕ ತಂದಿರುವವರ ಹೆಸರುಗಳನ್ನು ಒಂದಕ್ಕೊಂದು ತಾಳೆ ನೋಡಿ, ಎಲ್ಲಿ ತಪ್ಪಿದೆ, ಯಾವ ಕಚೇರಿಗೆ ಹೋಗಬೇಕು ಎಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ತರದೆ ಬಂದವರು ಬರುವ ಭಾನುವಾರ ಇದೇ ಹೊತ್ತಿಗೆ ತನ್ನಿ. ರಾತ್ರಿ ಪಾಳಿಗೆ ಹೋಗಬೇಕಾದವರನ್ನು ಮೊದಲು ಬಿಡಿ, ಅವರಿಗೆ ಬಸ್ಸು ತಪ್ಪಬಾರದು.